ಪುಸ್ತಕ ಓದಿ ಕಲಿಯುವುದು ಇನ್ನೂ ಬೇಕಾ? ವಿಡಿಯೋ, ಆಡಿಯೋ ಸಾಲದಾ?

ಪಿಯು ಮೇಷ್ಟ್ರು

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಒಂದು ವಿಷಯ ಚರ್ಚೆಗೆ ಇಡುತ್ತಿದ್ದೇನೆ, ಬೈಯುವವರು ಬೈಯಬಹುದು.

ನನ್ನ ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು ಎನ್‌ಸಿಇಆರ್‌ಟಿ ಪುಸ್ತಕ ತೆರೆಯುವುದೇ ಇಲ್ಲ. ಮನೆಗೆ ಹೋಗಿ ಯೂಟ್ಯೂಬಿನಲ್ಲಿ ‘ಒನ್ ಶಾಟ್’ ವಿಡಿಯೋ ಹಾಕುತ್ತಾರೆ. ಇಡೀ ಅಧ್ಯಾಯ ಒಂದೇ ಕೂತಲ್ಲಿ ಮುಗಿಯುತ್ತದೆ. ಪಾಠ ಚೆನ್ನಾಗಿಯೇ ಇರುತ್ತದೆ, ಸುಳ್ಳು ಹೇಳಬಾರದು. ಕೆಲವರು ನನಗಿಂತ ಚೆನ್ನಾಗಿ ವಿವರಿಸುತ್ತಾರೆ. ತೊಂದರೆ ಬರುವುದು ಆಮೇಲೆ. ‘ಅರ್ಥ ಆಯ್ತಾ?’ ಅಂದರೆ ‘ಆಯ್ತು ಸಾರ್’. ಬೋರ್ಡಿನ ಹತ್ತಿರ ಕರೆದು ಲೆನ್ಸ್ ಮೇಕರ್ ಸೂತ್ರ ಸಾಧಿಸು ಅಂದರೆ ಚಿತ್ರ ಬರೆಯುವಷ್ಟರಲ್ಲೇ ಕೈ ನಿಲ್ಲುತ್ತದೆ. ಲೆನ್ಸಿನ ಮೊದಲನೇ ಮೇಲ್ಮೈಯಲ್ಲಿ ಆದ ಬಿಂಬವೇ ಎರಡನೇ ಮೇಲ್ಮೈಗೆ ವಸ್ತು ಆಗುತ್ತದೆ ಅನ್ನುವ ಒಂದು ಹೆಜ್ಜೆ ತಲೆಯಲ್ಲಿ ಕೂತಿರುವುದಿಲ್ಲ. ಕೊನೆಯ ಸೂತ್ರ ಮಾತ್ರ ಬಾಯಲ್ಲಿ ಇರುತ್ತದೆ.

ಇದು ವಿಡಿಯೋದ ದೋಷವಾ? ಅಥವಾ ಮೇಷ್ಟ್ರುಗಳು ಎಲ್ಲ ಕಾಲದಲ್ಲೂ ಹೀಗೇ ಗೊಣಗುತ್ತಾರಾ? ನಿಮ್ಮ ನಿಮ್ಮ ಕೆಲಸದ ಅನುಭವದಿಂದ ಹೇಳಿ. ‘ಪುಸ್ತಕವೇ ಸ್ನೇಹಿತ’ ಥರದ ಭಾಷಣ ಬೇಡ, ಅದು ಕಾಲೇಜಿನಲ್ಲೇ ಸಾಕಷ್ಟು ಸಿಗುತ್ತದೆ.

ಕೋಡ್‌ಗಾರ

ಸಾರ್, ಎರಡನೇದೇ ಸರಿ. ಮೇಷ್ಟ್ರುಗಳು ಯಾವಾಗಲೂ ಗೊಣಗುತ್ತಾರೆ. 🙂

ನಮ್ಮ ಕಾಲದಲ್ಲಿ ವಿಡಿಯೋ ಇರಲಿಲ್ಲ, ಆದರೆ ಗೈಡ್ ಇತ್ತು. ಪಠ್ಯಪುಸ್ತಕ ಯಾರು ಓದುತ್ತಿದ್ದರು? ಗೈಡಿನ ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸಾದವರೇ ಜಾಸ್ತಿ. ಅಚ್ಚಾದ ಹಾಳೆ ಕೈಯಲ್ಲಿ ಇದ್ದ ಮಾತ್ರಕ್ಕೆ ಅದು ಓದು ಆಗುವುದಿಲ್ಲ.

ನಾನು ಪ್ರೋಗ್ರಾಮಿಂಗ್ ಕಲಿತದ್ದು ಪೂರ್ತಿ ವಿಡಿಯೋದಿಂದ. ನನ್ನ ಕ್ಷೇತ್ರದಲ್ಲಿ ಪುಸ್ತಕ ಅಚ್ಚಾಗಿ ಅಂಗಡಿಗೆ ಬರುವಷ್ಟರಲ್ಲಿ ಅದರೊಳಗಿನ ಅರ್ಧ ವಿಷಯ ಹಳತಾಗಿರುತ್ತದೆ. ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತೇನೆ, ಸಮಯವೂ ಉಳಿಯುತ್ತದೆ. ಅದಕ್ಕೂ ಬೈಯಬೇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಎರಡು ಪಟ್ಟು ವೇಗದವರೆಗೂ ವಿದ್ಯಾರ್ಥಿಗಳ ಗ್ರಹಿಕೆ ಹೇಳಿಕೊಳ್ಳುವಷ್ಟು ಕುಸಿಯಲಿಲ್ಲ. ಅದಕ್ಕಿಂತ ಜಾಸ್ತಿ ಮಾಡಿದಾಗ ಕುಸಿಯಿತು.

ಧಾರವಾಡದ ಓದುಗ

ಗೈಡಿನ ಮಾತು ಒಪ್ಪಿದೆ. ಆದರೆ ಇಲ್ಲಿ ಒಂದು ಗೊಂದಲ ಇದೆ ನೋಡ್ರಿ. ಕೇಳಿ ಕಲಿಯುವುದು ಏನೋ ಮೊಬೈಲ್ ಬಂದ ಮೇಲೆ ಹುಟ್ಟಿದ್ದು ಅನ್ನುವ ಹಾಗೆ ಮಾತಾಡುತ್ತೇವೆ. ನಮ್ಮಲ್ಲಿ ಕುಮಾರವ್ಯಾಸ ಭಾರತವನ್ನು ಓದಿದವರಿಗಿಂತ ಕೇಳಿದವರೇ ಜಾಸ್ತಿ. ಅಕ್ಷರ ಬಾರದ ರೈತರಿಗೆ ಕರ್ಣನ ಕತೆ ಗೊತ್ತಿತ್ತು, ಭಾಮಿನಿ ಷಟ್ಪದಿಯ ಸಾಲು ಸಾಲು ಬಾಯಿಗೆ ಬರುತ್ತಿತ್ತು. ಕರಾವಳಿಯಲ್ಲಿ ತಾಳಮದ್ದಳೆ ಕೇಳಿ ಪುರಾಣದ ಸೂಕ್ಷ್ಮ ತರ್ಕ ಕಲಿತವರು ಎಷ್ಟು ಜನ! ಆಮೇಲೆ ರೇಡಿಯೋ ಬಂತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 1935ರಲ್ಲಿ ಬಾನುಲಿ ಕೇಂದ್ರ ಶುರು ಮಾಡಿದರು. ಬೀಜೋಪಚಾರ, ರಸಗೊಬ್ಬರದ ಮಾತು ಹಳ್ಳಿಗೆ ಹೋದದ್ದು ಪುಸ್ತಕದಿಂದ ಅಲ್ಲ, ಆಕಾಶವಾಣಿಯ ಕೃಷಿ ಕಾರ್ಯಕ್ರಮದಿಂದ.

ಹಾಗಾಗಿ ಕಿವಿಯ ಕಲಿಕೆ ಕೀಳು ಅಂತ ನಾನು ಹೇಳಲಾರೆ.

ತುಂಗೆಯ ದಂಡೆ

ಧಾರವಾಡದ ಓದುಗರು ಕುಮಾರವ್ಯಾಸನನ್ನು ಕೇಳಿ ಕಲಿತವರ ವಿಷಯ ಎತ್ತಿದ್ದಕ್ಕೆ ಗಮಕದ ಬಗ್ಗೆ, ಅಂದರೆ ಕಾವ್ಯವನ್ನು ರಾಗವಾಗಿ ಓದಿ ಹೇಳುವ ಕಲೆಯ ಬಗ್ಗೆ ಬರೆಯುತ್ತಿದ್ದೇನೆ. ನಮ್ಮದು ಶಿವಮೊಗ್ಗ ಕಡೆ. ಮತ್ತೂರು, ಹೊಸಹಳ್ಳಿ ಗೊತ್ತಲ್ಲ? ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಗಮಕವನ್ನು ಆಡಿಯೋಬುಕ್ ಜೊತೆ ಹೋಲಿಸುವ ಮೊದಲು ಅದು ನಡೆಯುವ ರೀತಿ ನೋಡಬೇಕು. ಅಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ. ಒಂದು ಪದ್ಯ, ಕೆಲವೊಮ್ಮೆ ಎರಡು ಪದ್ಯ ಹಾಡಿ ವಾಚನಕಾರರು ನಿಲ್ಲಿಸುತ್ತಾರೆ. ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ಎಲ್ಲಿ ಪದ ಒಡೆಯಬೇಕು, ಇಲ್ಲಿ ಕೃಷ್ಣ ಯಾಕೆ ನಗುತ್ತಾನೆ, ಇದೇ ಮಾತು ಹಿಂದಿನ ಸಂಧಿಯಲ್ಲಿ ಎಲ್ಲಿ ಬಂದಿತ್ತು ಅಂತ. ಸಭೆಯ ಮುಖ ನೋಡಿಕೊಂಡೇ ಹೇಳುತ್ತಾರೆ. ಜನರಿಗೆ ಹತ್ತಲಿಲ್ಲ ಅನ್ನಿಸಿದರೆ ಮತ್ತೆ ಹೇಳುತ್ತಾರೆ. ರಸ ಹತ್ತಿತು ಅಂದರೆ ಅದೇ ಪದ್ಯವನ್ನು ಇನ್ನೊಮ್ಮೆ ಹಾಡಿಸುತ್ತಾರೆ. ಹೀಗೆ ಒಂದು ಸಂಧಿಗೆ ಸಂಜೆಗಳೇ ಹೋಗುತ್ತವೆ. ಹೋಗಲಿ ಬಿಡಿ, ಯಾರಿಗೂ ಅವಸರ ಇಲ್ಲ.

ಅಂದರೆ ನಿಲ್ಲುವುದು, ಹಿಂದೆ ಹೋಗುವುದು, ಮತ್ತೆ ಕೇಳುವುದು ಎಲ್ಲವೂ ಆ ಕಲೆಯ ಒಳಗೇ ಇದೆ. ಈಗಿನ ‘ಒನ್ ಶಾಟ್’ ನಿಲ್ಲುವುದಿಲ್ಲ. ನೋಡುವವನು ನಿಲ್ಲಿಸಬಹುದು, ಆದರೆ ನಿಲ್ಲಿಸುವುದಿಲ್ಲ. ಇನ್ನೊಂದು ವಿಷಯ, ಗಮಕಿಗಳ ಮುಂದೆ ವ್ಯಾಸಪೀಠದ ಮೇಲೆ ಪುಸ್ತಕ ಇರುತ್ತದೆ. ನೂರು ಜನ ಕೇಳಬೇಕಾದರೆ ಇಬ್ಬರು ವರ್ಷಗಟ್ಟಲೆ ಓದಿರಬೇಕು.

ಅಡಿಕೆ ತೋಟ

ಮೇಲೆ ಎಲ್ಲರೂ ದೊಡ್ಡ ವಿಷಯ ಮಾತಾಡಿದ್ದೀರಿ. ನಾನು ಬೋರ್ಡೋ ದ್ರಾವಣದ, ಅಂದರೆ ಅಡಿಕೆಗೆ ಸಿಂಪಡಿಸುವ ಮದ್ದಿನ ವಿಷಯ ಹೇಳುತ್ತೇನೆ. ಪುತ್ತೂರು ಕಡೆಯವನು.

ಕೊಳೆರೋಗಕ್ಕೆ ಮಳೆಗಾಲ ಹಿಡಿಯುವ ಮೊದಲು ಒಮ್ಮೆ ಮದ್ದು ಬಿಡಬೇಕು, 40-45 ದಿನ ಬಿಟ್ಟು ಇನ್ನೊಮ್ಮೆ. ಶೇಕಡಾ 1ರ ದ್ರಾವಣಕ್ಕೆ ಲೆಕ್ಕ ಸಣ್ಣದು. 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರ್ ನೀರಿನಲ್ಲಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು, ತಿರುಗಾ ಮುರುಗಾ ಅಲ್ಲ. ಕಬ್ಬಿಣದ ಪಾತ್ರೆ ಬೇಡ. ಒಂದು ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಬಂದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಮಾಡಿದ ದಿನವೇ ಬಿಟ್ಟು ಮುಗಿಸಬೇಕು.

ಇದರಲ್ಲಿ ನೋಡಿ ಕಲಿಯುವುದು ಯಾವುದು, ಓದಿ ಕಲಿಯುವುದು ಯಾವುದು? ಸರಿಯಾದ ದ್ರಾವಣದ ಆ ನೀಲಿ ಬಣ್ಣ ಹೇಗಿರುತ್ತದೆ ಅಂತ ಯಾವ ಪುಸ್ತಕವೂ ಹೇಳಲಾರದು. ಅದಕ್ಕೆ ವಿಡಿಯೋ ಅಥವಾ ಪಕ್ಕದ ತೋಟ ಬೇಕು. ಕಾರ್ಬನ್ ಫೈಬರಿನ ಉದ್ದ ಕೋಲಿನಲ್ಲಿ (ದೋಟಿಯಲ್ಲಿ) ನೆಲದಲ್ಲೇ ನಿಂತು ಮದ್ದು ಬಿಡುವುದನ್ನು ಅಕ್ಷರದಲ್ಲಿ ವಿವರಿಸಲು ಹೋದರೆ ನಗೆಪಾಟಲು. ಆದರೆ ಅಳತೆಗೆ ನಾನು ಗೋಡೆಯ ಮೇಲೆ ಅಂಟಿಸಿರುವುದು ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರದಿಂದ (ಸಿಪಿಸಿಆರ್‌ಐ) ತಂದ ಹಾಳೆ. ಕೈಯೆಲ್ಲಾ ಸುಣ್ಣ ಆಗಿರುವಾಗ ವಿಡಿಯೋ ಹಿಂದೆ ಮುಂದೆ ಎಳೆದು ‘ಅವರು ಎಷ್ಟು ಲೀಟರ್ ಅಂದರು’ ಅಂತ ಹುಡುಕುವ ತಾಳ್ಮೆ ನನಗಿಲ್ಲ.

ಇನ್ನೊಂದು. ನಮ್ಮಲ್ಲಿ ‘ಅಡಿಕೆ ಪತ್ರಿಕೆ’ ಇದೆ, 1988ರಿಂದ ಬರುತ್ತಿದೆ. ಕೃಷಿಕರ ಕೈಗೆ ಲೇಖನಿ ಅನ್ನುವುದು ಅವರ ಮಾತು, ಬೆಳೆಯುವವರೇ ಬರೆಯುವುದು. ಬರೆಯಲು ಕೂತರೆ ಕೃಷಿಕ ಸ್ವಲ್ಪ ಯೋಚಿಸುತ್ತಾನೆ. ಖರ್ಚು ಎಷ್ಟಾಯಿತು, ಯಾವ ವರ್ಷ ಕೈಕೊಟ್ಟಿತು ಅಂತ ಬರೆಯಬೇಕಾಗುತ್ತದೆ. ವಿಡಿಯೋದಲ್ಲಿ ಮೊದಲ ಫಸಲು ತೋರಿಸಿ ‘ಎಕರೆಗೆ ಲಕ್ಷ ಲಕ್ಷ’ ಅಂತ ತಲೆಬರಹ ಕೊಟ್ಟರೆ ಮುಗಿಯಿತು. ಐದು ವರ್ಷದ ನಂತರ ಆ ತೋಟ ಏನಾಯಿತು ಅಂತ ತೋರಿಸುವವರು ಕಡಿಮೆ.

ಕೋಡ್‌ಗಾರ

ಅಣ್ಣಾ, ಕೊನೆಯ ಮಾತು ವಿಡಿಯೋಗೆ ಮಾತ್ರ ಅಲ್ಲ. ಕೆಟ್ಟ ಪುಸ್ತಕವೂ ಹಾಗೇ ಮಾರಾಟ ಆಗುತ್ತದೆ. ಆದರೆ ಗೋಡೆಯ ಹಾಳೆಯ ವಿಷಯ ಸರಿ. ನಮ್ಮಲ್ಲೂ ಅಷ್ಟೇ. ಒಂದು ಕೋಡ್ ಲೈಬ್ರರಿಯ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಪರಿಚಯಕ್ಕೆ ವಿಡಿಯೋ, ಕೆಲಸ ಮಾಡುವಾಗ ಅದರ ಡಾಕ್ಯುಮೆಂಟೇಷನ್. ಅಕ್ಷರದಲ್ಲಿ ಹುಡುಕಬಹುದು, ವಿಡಿಯೋದಲ್ಲಿ ಹುಡುಕಬೇಕಾದರೆ ಅದರ ಮಾತನ್ನೂ ಅಕ್ಷರಕ್ಕೆ ಇಳಿಸಿಕೊಳ್ಳಬೇಕು.

ವಿಜಯನಗರ ಪಿಜಿ

ನಾನು ಕೆಎಎಸ್‌ಗೆ ಓದುತ್ತಿರುವವಳು. ಇಲ್ಲಿ ಬೀದಿಗೊಂದು ಕೋಚಿಂಗ್ ಇದೆ, ಎಲ್ಲರ ಕೈಯಲ್ಲೂ ಇಯರ್‌ಫೋನ್. ಪ್ರಿಲಿಮ್ಸ್‌ವರೆಗೆ ವಿಡಿಯೋ ನಡೆಯುತ್ತದೆ, ನಾಲ್ಕರಲ್ಲಿ ಒಂದನ್ನು ಗುರುತಿಸಿದರೆ ಸಾಕಲ್ಲ. ಮೇನ್ಸ್ ಬೇರೆ. ಯುಪಿಎಸ್‌ಸಿಯನ್ನೇ ನೋಡಿ, ಸಾಮಾನ್ಯ ಅಧ್ಯಯನದ ಒಂದು ಪತ್ರಿಕೆಯಲ್ಲಿ 3 ಗಂಟೆಯಲ್ಲಿ 20 ಉತ್ತರ ಬರೆಯಬೇಕು. ಪ್ಯಾರಾ ಹೇಗೆ ಶುರು ಮಾಡುವುದು, ಎರಡು ವಾದವನ್ನು ಹೇಗೆ ಎದುರುಬದುರು ಇಡುವುದು ಅನ್ನುವುದು ಕೇಳಿ ಬರುವುದಿಲ್ಲ. ಓದಿ ಓದಿ ಬರೆದು ಬರೆದು ಬರಬೇಕು. ನನ್ನ ಜೊತೆ ಇರುವ ಒಬ್ಬಳು ಮಾತಾಡಿದರೆ ಟಿವಿ ಚರ್ಚೆ ಥರ ಮಾತಾಡುತ್ತಾಳೆ. ಹಾಳೆ ಕೊಟ್ಟರೆ ಐದು ಸಾಲಿಗೆ ನಿಲ್ಲುತ್ತಾಳೆ.

ಮನಶ್ಶಾಸ್ತ್ರ ಎಂಎ

ಮೇಷ್ಟ್ರೇ, ನೀವು ಮೊದಲು ಹೇಳಿದ ‘ಆಯ್ತು ಸಾರ್’ ಸಮಸ್ಯೆಗೆ ನೇರವಾಗಿ ಸಂಬಂಧಿಸಿದ ಪ್ರಯೋಗ ಒಂದಿದೆ. ಕಾರ್ಡಸ್ ಮತ್ತು ಓ’ಬ್ರಯನ್ ಅನ್ನುವವರು 2018ರಲ್ಲಿ ಪ್ರಕಟಿಸಿದ್ದು. ಮೇಜಿನ ಮೇಲಿನ ಪಾತ್ರೆ ಬೀಳದ ಹಾಗೆ ಬಟ್ಟೆ ಎಳೆಯುವುದು, ಮೂನ್‌ವಾಕ್, ಡಾರ್ಟ್ ಎಸೆಯುವುದು ಇಂಥವುಗಳ ವಿಡಿಯೋವನ್ನು ಕೆಲವರಿಗೆ ಒಮ್ಮೆ, ಕೆಲವರಿಗೆ ಮತ್ತೆ ಮತ್ತೆ ತೋರಿಸಿದರು. ಜಾಸ್ತಿ ಸಲ ನೋಡಿದವರಿಗೆ ‘ನನ್ನಿಂದ ಆಗುತ್ತದೆ’ ಅನ್ನುವ ನಂಬಿಕೆ ಏರಿತು. ಮಾಡಿಸಿ ನೋಡಿದರೆ ಕೈಚಳಕ ಏರಿರಲಿಲ್ಲ. ಜಗ್ಲಿಂಗ್, ಅಂದರೆ ಪಿನ್‌ಗಳನ್ನು ಒಂದರ ಹಿಂದೆ ಒಂದು ಎಸೆದು ಹಿಡಿಯುವ ಆಟ ನೋಡಿದವರ ಕೈಗೆ ಆ ಪಿನ್‌ಗಳನ್ನು ಸುಮ್ನೆ ಹಿಡಿಯಲು ಕೊಟ್ಟರೆ ಸಾಕು, ಆ ಹುಸಿ ನಂಬಿಕೆ ಇಳಿಯುತ್ತಿತ್ತು.

ನಿಮ್ಮ ವಿದ್ಯಾರ್ಥಿ ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜವಾಗಿ ಅರ್ಥ ಆದ ಹಾಗೇ ಅನ್ನಿಸಿರುತ್ತದೆ. ಬೇರೆಯವರು ತಡವರಿಸದೆ ಮಾಡುವುದನ್ನು ನೋಡಿದರೆ ನಮಗೂ ಬರುತ್ತದೆ ಅನ್ನಿಸುವುದು ಸಹಜ.

ಇನ್ನು ಓದುವುದು ಮೇಲೋ ಕೇಳುವುದು ಮೇಲೋ ಅನ್ನುವುದಕ್ಕೆ: 2022ರಲ್ಲಿ ವರ್ಜೀನಿಯಾ ಕ್ಲಿಂಟನ್-ಲೈಸೆಲ್ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಒಟ್ಟಾರೆ ಗ್ರಹಿಕೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಓದುವವರಿಗೆ ತಮ್ಮ ವೇಗದಲ್ಲಿ ಓದಲು ಬಿಟ್ಟಾಗ ಓದು ಮುಂದಿತ್ತು. ಬರೆದದ್ದರ ಹಿಂದಿನದನ್ನು ಊಹಿಸಿ ಹೇಳಬೇಕಾದ ಪ್ರಶ್ನೆಗಳಲ್ಲೂ ಓದು ಮುಂದಿತ್ತು. ಅಂದರೆ ತುಂಗೆಯ ದಂಡೆಯವರು ಗಮಕದ ಬಗ್ಗೆ ಹೇಳಿದ್ದೇ. ವೇಗ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ. ಪುಸ್ತಕ ಓದುವಾಗ ಗೊತ್ತಿಲ್ಲದೆಯೇ ಕಣ್ಣು ಹಿಂದಿನ ಸಾಲಿಗೆ ಹೋಗಿ ಬರುತ್ತದೆ. ಅದಕ್ಕೆ ಯಾವ ಬಟನ್ನೂ ಒತ್ತಬೇಕಾಗಿಲ್ಲ.

ದಯವಿಟ್ಟು ಯಾರೂ ‘ನಾನು ವಿಷುವಲ್ ಲರ್ನರ್, ನನಗೆ ಪುಸ್ತಕ ಆಗುವುದಿಲ್ಲ’ ಅಂತ ಬರೆಯಬೇಡಿ. ಒಬ್ಬೊಬ್ಬರಿಗೆ ಒಂದೊಂದು ಶೈಲಿ, ಅದರಂತೆ ಕಲಿಸಿದರೆ ಜಾಸ್ತಿ ಕಲಿಯುತ್ತಾರೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂತ 2008ರಲ್ಲೇ ಪಾಷ್ಲರ್ ಮತ್ತು ಸಂಗಡಿಗರು ಪರಿಶೀಲಿಸಿ ಹೇಳಿದ್ದಾರೆ. ಆದರೂ ಟೀಚರ್ಸ್ ಟ್ರೇನಿಂಗಿನಲ್ಲಿ ಇನ್ನೂ ಅದನ್ನೇ ಹೇಳಿಕೊಡುತ್ತಾರೆ.

ಕಿವಿಯಲ್ಲೇ ಓದುವವ

ಎಲ್ಲರ ಮಾತು ಓದಿದೆ. ಹೌದು, ಓದಿದೆ. ನನಗೆ ಕಣ್ಣು ಕಾಣುವುದಿಲ್ಲ, ಬ್ಯಾಂಕಿನಲ್ಲಿ ಕೆಲಸ.

ನೀವೆಲ್ಲ ‘ಆಡಿಯೋ’ ಅಂತ ಒಂದೇ ಗಂಟಿಗೆ ಕಟ್ಟುತ್ತಿರುವುದು ಎರಡು ಬೇರೆ ಬೇರೆ ವಸ್ತು. ಒಂದು, ಯಾರೋ ಓದಿ ರೆಕಾರ್ಡ್ ಮಾಡಿದ ಆಡಿಯೋಬುಕ್. ಇನ್ನೊಂದು, ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ. ನಾನು ಎನ್‌ವಿಡಿಎ ಬಳಸುತ್ತೇನೆ, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸಾಲಿನಿಂದ ಸಾಲಿಗೆ, ಪದದಿಂದ ಪದಕ್ಕೆ, ಬೇಕಾದರೆ ಅಕ್ಷರದಿಂದ ಅಕ್ಷರಕ್ಕೆ ಹೋಗಬಹುದು. ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು. ವೇಗ ನಾನು ಇಟ್ಟುಕೊಂಡಷ್ಟು. ನನ್ನ ಪಕ್ಕ ಕೂತವರಿಗೆ ಅದು ಮಾತು ಅಂತಲೂ ಗೊತ್ತಾಗುವುದಿಲ್ಲ, ಅಷ್ಟು ಜೋರಾಗಿ ಓಡುತ್ತದೆ. ಕಷ್ಟದ ಪ್ಯಾರಾ ಬಂದರೆ ನಿಧಾನ ಮಾಡಿ ಮೂರು ಸಲ ಹೋಗುತ್ತೇನೆ. ಮೇಲಿನ ಅಕ್ಕ ‘ವೇಗ ಯಾರ ಕೈಯಲ್ಲಿದೆ’ ಅಂದರಲ್ಲ, ಆ ಲೆಕ್ಕದಲ್ಲಿ ಆಡಿಯೋಬುಕ್ ನಿಮ್ಮ ವಿಡಿಯೋದ ಜಾತಿ. ಸ್ಕ್ರೀನ್ ರೀಡರ್ ಪುಸ್ತಕದ ಜಾತಿ.

ಕಾದಂಬರಿಗೆ ಮನುಷ್ಯರ ಧ್ವನಿಯೇ ಚೆಂದ, ಅದನ್ನು ಹೋಗುತ್ತಾ ಬರುತ್ತಾ ಕೇಳುತ್ತೇನೆ. ಬ್ಯಾಂಕಿನ ಬಡ್ತಿ ಪರೀಕ್ಷೆಗೆ, ಸರ್ಕ್ಯುಲರ್‌ಗೆ ಅಕ್ಷರವೇ ಬೇಕು.

ಕನ್ನಡದಲ್ಲಿ ತೊಂದರೆ ಬೇರೆಯೇ ಇದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ನಿಮ್ಮ ಕಣ್ಣಿಗೆ ಕನ್ನಡ. ನನ್ನ ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಬರೀ ಚಿತ್ರ, ಏನೂ ಓದುವುದಿಲ್ಲ. ಕಾನೂನು ನಮ್ಮ ಪರ ಇದೆ. 2012ರ ತಿದ್ದುಪಡಿಯಿಂದ ನಮ್ಮಂಥವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತಂದುಕೊಳ್ಳಲು ಕೃತಿಸ್ವಾಮ್ಯ ಅಡ್ಡಿ ಇಲ್ಲ. ಕಣ್ಣು ಕಾಣದವರಿಗೆ ಪುಸ್ತಕ ಸಿಗಲಿ ಅಂತ ಮಾಡಿದ ಮರಕ್ಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ನಮ್ಮಂಥವರಿಗಾಗಿಯೇ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಇಷ್ಟೆಲ್ಲ ಆದರೂ ನನಗೆ ಬೇಕಾದ ಕನ್ನಡ ಪುಸ್ತಕ ಹುಡುಕಿದರೆ ಬಹಳ ಸಲ ಸಿಗುವುದಿಲ್ಲ. ಆಗ ಯೂಟ್ಯೂಬಿನಲ್ಲಿ ಯಾರಾದರೂ ಓದಿದ್ದಾರಾ ಅಂತ ನೋಡುತ್ತೇನೆ. ಬೇರೆ ದಾರಿ ಇಲ್ಲದೆ ನೋಡುವುದು.

ಧಾರವಾಡದ ಓದುಗ

ಇದು ನನಗೆ ಹೊಸ ವಿಷಯ. ನಮ್ಮ ಮನೆಯಲ್ಲಿ ಇರುವ ಹಳೆಯ ಲೇಖನಗಳೆಲ್ಲ ನುಡಿಯಲ್ಲೇ ಇವೆ. ಅವನ್ನು ಬದಲಾಯಿಸಬಹುದಾ?

ಕೋಡ್‌ಗಾರ

ಬದಲಾಯಿಸಬಹುದು ಸಾರ್. ನುಡಿಯಿಂದ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗುವ ಅಕ್ಷರ ಸಂಕೇತಕ್ಕೆ ತರುವ ಪರಿವರ್ತಕಗಳು ಉಚಿತವಾಗಿಯೇ ಇವೆ. ಒತ್ತಕ್ಷರ, ಅರ್ಕಾವತ್ತು ಎಲ್ಲಾದರೂ ಎಡವಿರುತ್ತದೆ, ಒಮ್ಮೆ ಕಣ್ಣಾಡಿಸಬೇಕು. ಬೇಕಾದರೆ ಕಳಿಸಿ, ನಾನೇ ಮಾಡಿಕೊಡುತ್ತೇನೆ.

ಪಂಚಾಯಿತಿ ಲೈಬ್ರರಿ

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಅಂತ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ ಆಯಿತು. ಅದು ಕೊರೊನಾ ಸಮಯ, ಶಾಲೆ ಮುಚ್ಚಿತ್ತು. ಆನ್‌ಲೈನ್ ಕ್ಲಾಸಿಗೆ ಮನೆಯಲ್ಲಿ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಪುಸ್ತಕಕ್ಕೆ ನೆಟ್‌ವರ್ಕ್ ಬೇಕಾಗಿಲ್ಲ, ರೀಚಾರ್ಜ್ ಬೇಕಾಗಿಲ್ಲ ಅನ್ನುವುದು ಆಗ ಎಲ್ಲರಿಗೂ ತಿಳಿಯಿತು. ಈ ಚರ್ಚೆಯಲ್ಲಿ ಹಣದ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಹೇಳಿದೆ.

ಈಗ ನಮ್ಮಲ್ಲಿ ಕಂಪ್ಯೂಟರ್ ಇದೆ. ಮಕ್ಕಳು ಓಡಿ ಬರುವುದು ಅದಕ್ಕೇ, ಪುಸ್ತಕಕ್ಕಲ್ಲ. ನಾನು ಗದರುವುದಿಲ್ಲ. ಗ್ರಹಣದ ವಿಡಿಯೋ ಹಾಕಿ ಅರ್ಧದಲ್ಲಿ ನಿಲ್ಲಿಸಿಬಿಡುತ್ತೇನೆ. ‘ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕೆ ಆಗಲ್ಲ? ಉತ್ತರ ಆ ಕಪಾಟಿನಲ್ಲಿದೆ’ ಅನ್ನುತ್ತೇನೆ. ಜ್ಞಾನ ಗಂಗೋತ್ರಿಯ ಹಳೆಯ ಸಂಪುಟ ಇದೆ, ನಿರಂಜನ ಅವರ ಸಂಪಾದಕತ್ವದ್ದು. ಬೈಂಡಿಂಗ್ ಕಿತ್ತುಹೋಗಿದೆ, ಆದರೂ ಅದಕ್ಕೆ ಜಗಳ ಆಡುತ್ತಾರೆ. ಉತ್ತರ ಹುಡುಕುವಾಗ ಪಕ್ಕದ ಪುಟದಲ್ಲಿ ಧೂಮಕೇತು ಸಿಗುತ್ತದೆ, ಅಲ್ಲಿಗೆ ಗ್ರಹಣ ಮರೆತುಹೋಗುತ್ತದೆ. ಮರೆಯಲಿ ಬಿಡಿ.

ಕಡಲಾಚೆಯ ಅಮ್ಮ

ನಮ್ಮ ಮನೆಯ ಕತೆ ಉಲ್ಟಾ. ನಾವು ಜರ್ಮನಿಯಲ್ಲಿದ್ದೇವೆ. ಮಗಳಿಗೆ ಕನ್ನಡ ಉಳಿದಿದ್ದೇ ಆಡಿಯೋ ಕತೆಗಳಿಂದ, ಅಜ್ಜಿಯ ವಿಡಿಯೋ ಕಾಲಿನಿಂದ. ಓದಲು ಬರುವುದಿಲ್ಲ. ಪುಸ್ತಕದಿಂದ ಶುರು ಮಾಡಿದ್ದರೆ ಒತ್ತಕ್ಷರ ನೋಡಿಯೇ ಹೆದರಿ ಭಾಷೆಯನ್ನೇ ಬಿಡುತ್ತಿದ್ದಳು ಅಂತ ನನಗೆ ಅನ್ನಿಸುತ್ತದೆ. ಈಗ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಧ್ವನಿ ಜೊತೆ ಅಕ್ಷರವೂ ಬರುವ ಕತೆ ಹಾಕುತ್ತೇನೆ. ಕಿವಿಗೆ ಗೊತ್ತಿರುವ ಪದವನ್ನು ಕಣ್ಣು ಹಿಡಿಯುತ್ತಿದೆ. ಬಾಯಿಗೆ ಬಾರದ ಪದವನ್ನು ಓದಿಸಿ ಏನು ಮಾಡುವುದು, ಅಲ್ವಾ?

ಪಿಯು ಮೇಷ್ಟ್ರು

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಲೈಬ್ರರಿ ಮೇಡಂ ಅವರ ಉಪಾಯ ಕದಿಯುತ್ತಿದ್ದೇನೆ. ಮುಂದಿನ ವಾರ ಕಿರಣ ದೃಗ್ವಿಜ್ಞಾನ, ಅಂದರೆ ಆ ಲೆನ್ಸಿನ ಪಾಠ ಶುರು. ವಿಡಿಯೋವನ್ನು ನಾನೇ ತರಗತಿಯಲ್ಲಿ ಹಾಕುತ್ತೇನೆ. ಎರಡನೇ ಮೇಲ್ಮೈ ಬರುವ ಮೊದಲೇ ನಿಲ್ಲಿಸುತ್ತೇನೆ. ಅಲ್ಲಿಂದ ಪುಸ್ತಕ ನೋಡಿ ಅವರೇ ಮುಂದೆ ಹೋಗಬೇಕು, ಆಮೇಲೆ ಪುಸ್ತಕ ಮುಚ್ಚಿ ಬರೆಯಬೇಕು. ವೇಗದ ಬಟನ್ ಅವರ ಕೈಯಲ್ಲಿ ಇದ್ದರೂ ಅವರು ಒತ್ತುವುದಿಲ್ಲ ಅನ್ನುವುದೇ ರೋಗ ಆಗಿದ್ದರೆ, ಒಂದಷ್ಟು ದಿನ ನಾನೇ ಒತ್ತುತ್ತೇನೆ.

ಕೋಡ್‌ಗಾರರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಎರಡು ಪಟ್ಟು ವೇಗದಲ್ಲಿ ಗ್ರಹಿಕೆ ಉಳಿಯಬಹುದು. ಆದರೆ ಭೌತಶಾಸ್ತ್ರದಲ್ಲಿ ಒಂದು ಸಮೀಕರಣದ ಮುಂದೆ ಹತ್ತು ನಿಮಿಷ ಸುಮ್ಮನೆ ಕೂರಬೇಕಾಗುತ್ತದೆ. ಆ ಹತ್ತು ನಿಮಿಷವನ್ನು ಯಾವ ವಿಡಿಯೋವೂ ಒಳಗೆ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಯಾರೂ ನೋಡುವುದಿಲ್ಲ.

ಕೋಡ್‌ಗಾರ

ಸಾರ್, ಆ ಹತ್ತು ನಿಮಿಷ ಪುಸ್ತಕದ ಒಳಗೂ ಇಲ್ಲ. ನಾನು ಪುಸ್ತಕ ಇಟ್ಟುಕೊಂಡು ಹತ್ತು ನಿಮಿಷ ನಿದ್ದೆ ಮಾಡಿದ್ದೇನೆ. ಅರ್ಧ ಒಪ್ಪಿದ್ದಕ್ಕೆ ಥ್ಯಾಂಕ್ಸ್.

ಕಿವಿಯಲ್ಲೇ ಓದುವವ

ಮೇಷ್ಟ್ರೇ, ನಿಮ್ಮ ತರಗತಿಗೆ ನೋಟ್ಸ್ ಟೈಪ್ ಮಾಡಿ ಕೊಡುತ್ತೀರಾ? ಕೊಡುವುದಾದರೆ ಒಂದು ಮನವಿ. ಯೂನಿಕೋಡ್‌ನಲ್ಲಿ ಮಾಡಿ, ನುಡಿಯಲ್ಲೂ ಈಗ ಆ ಸೌಲಭ್ಯ ಇದೆ.

ಪಿಯು ಮೇಷ್ಟ್ರು

ಕೊಡುತ್ತೇನೆ. ಸೂತ್ರಗಳನ್ನು ಏನು ಮಾಡಲಿ? ಈವರೆಗೆ ಕೈಯಲ್ಲಿ ಬರೆದು ಫೋಟೋ ತೆಗೆದು ಅಂಟಿಸುತ್ತಿದ್ದೆ.

ಕಿವಿಯಲ್ಲೇ ಓದುವವ

ಫೋಟೋ ಬೇಡ. ವರ್ಡ್‌ನಲ್ಲಿ ಈಕ್ವೇಶನ್ ಎಡಿಟರ್ ಇದೆ, ಅದರಲ್ಲಿ ಹಾಕಿ. ಚಿತ್ರ ಇದ್ದ ಕಡೆ ಕೆಳಗೆ ಎರಡು ಸಾಲು ವಿವರಣೆ ಬರೆಯಿರಿ, ಕಿರಣ ಎಲ್ಲಿಂದ ಬಂದು ಎತ್ತ ಬಾಗಿತು ಅಂತ. ಮೊದಲ ಅಧ್ಯಾಯ ಮುಗಿದ ಮೇಲೆ ನನಗೆ ಕಳಿಸಿ, ಓದಿ ಎಲ್ಲಿ ತಡೆಯಿತು ಅಂತ ಹೇಳುತ್ತೇನೆ. ಭೌತಶಾಸ್ತ್ರ ಪಿಯುನಲ್ಲಿ ನನಗೆ ತೆಗೆದುಕೊಳ್ಳಲು ಬಿಟ್ಟಿರಲಿಲ್ಲ.